ಬಿಚ್ಚದ ಗಂಟಿನೊಳಗಿನ ಅಂಜೂರ

ನನ್ನ ಮೊಮ್ಮಗಳು ಬಾಳೆಹಣ್ಣನ್ನು ಸುಲಿದು ತಿನ್ನುವುದಿಲ್ಲ. ಸಿಪ್ಪೆಯ ಸಮೇತ ನಡುವಿಗೆ ಮುರಿಯುತ್ತಾಳೆ. ಎರಡು ಕೈಗೂ ಒಂದೊಂದು ತುಂಡು ಬಂದ ಮೇಲೆ ಯಾವುದನ್ನು ಮೊದಲು ತಿನ್ನಲಿ ಎಂದು ನನ್ನ ಮುಖ ನೋಡುತ್ತಾಳೆ. ಎರಡೂ ನಿನ್ನದೇ ಮಗಾ ಎನ್ನುತ್ತೇನೆ. ಆಗ ಅವಳ ಮುಖದಲ್ಲಿ ಬರುವ ಕಳೆ ಇದೆಯಲ್ಲ, ಅದನ್ನು ಹೇಗೆ ಬರೆಯುವುದೆಂದು ನನಗೆ ಗೊತ್ತಿಲ್ಲ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಗೊತ್ತಿದ್ದವರು ಬರೆದರೂ ಅದು ಪೂರ್ತಿ ಬರಲಿಕ್ಕಿಲ್ಲ.

ಅವಳಿಗೆ ಈಗ ನಾಲ್ಕು ವರ್ಷ. ಕಟ್ಟಡದ ವಾಚ್‌ಮನ್ ಹತ್ತಿರ ಹಿಂದಿ, ಬಾಲವಾಡಿಯಲ್ಲಿ ಮರಾಠಿ, ನನ್ನ ಹತ್ತಿರ ಕನ್ನಡ. ಆ ಕನ್ನಡದಲ್ಲೂ ಎರಡು ಬಗೆ. ನನ್ನಿಂದ ಕಲಿತ "ಎಂತ" ಒಂದು, ಡೊಂಬಿವಲಿಯ ಅಜ್ಜಿಯಿಂದ ಕಲಿತ "ಯಾಕಬೇ" ಇನ್ನೊಂದು. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಿಂದಲೇ ನನ್ನನ್ನು ಕರೆಯುತ್ತಾಳೆ. ಮಂಡಿ ನೋವಿನಲ್ಲಿ ನಾನು ಏಳುವುದು ನಿಧಾನ, ಆದರೆ ಆ ಕರೆಗೆ ಹೇಗೆ ಎದ್ದು ನಿಂತೆ ಎಂದು ಆಮೇಲೆ ನನಗೇ ಆಶ್ಚರ್ಯವಾಗುತ್ತದೆ. ಅವಳ ವಿಷಯ ಬರೆಯಲು ಕೂತರೆ ನನಗೆ ನಿಲ್ಲಿಸಲು ಬರುವುದಿಲ್ಲ. ಮನೆಯವರು ನಗುತ್ತಾರೆ. ನಗಲಿ.

ಆದರೆ ಇವತ್ತು ಬರೆಯಲು ಕೂತದ್ದು ಅವಳು ಹುಟ್ಟುವ ಮೊದಲಿನ ತಿಂಗಳುಗಳ ಬಗ್ಗೆ. ಅವಳು ಹಣ್ಣು ತಿನ್ನುವಾಗಲೆಲ್ಲ ನನ್ನ ಸಂತೋಷದ ಒಳಗೆ ಒಂದು ಮುಳ್ಳು ಆಡುತ್ತದೆ. ಅದು ಯಾಕೆಂದು ಅವಳು ದೊಡ್ಡವಳಾದ ಮೇಲೆ ಓದಿ ತಿಳಿಯಲಿ.

ನಮ್ಮ ಮನೆ ಠಾಣೆಯ ಕೋಪರಿಯಲ್ಲಿ, ಸ್ಟೇಷನ್ನಿಗೆ ಹತ್ತಿರ. ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ನನ್ನವರು ಉಡುಪಿ ಕಡೆಯಿಂದ ಹುಡುಗನಾಗಿದ್ದಾಗ ಬಂದು, ಕಡೆಗೆ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವಿನ ಒಂದು ಹೋಟೆಲಿನಲ್ಲಿ ದುಡ್ಡಿನ ಗಲ್ಲೆಯ ಮೇಲೆ ಕೂತವರು. ಒಬ್ಬನೇ ಮಗ. ಅವನಿಗೆ ವಾಶಿಯಲ್ಲಿ ಆಫೀಸು. ಅದೇ ಆಫೀಸಿನ ಹುಡುಗಿಯನ್ನು ಮೆಚ್ಚಿಕೊಂಡು ಬಂದ. ಹುಡುಗಿಯ ತಾಯಿ ಧಾರವಾಡ ಕಡೆಯವರು, ಗಂಡ ತೀರಿದ ಮೇಲೆ ಡೊಂಬಿವಲಿಯಲ್ಲಿ ಬ್ಲೌಸ್ ಹೊಲಿದು ಮಗಳನ್ನು ಓದಿಸಿದವರು. ಹುಡುಗಿ ಒಳ್ಳೆಯವಳು, ನನಗೂ ಇಷ್ಟವಾದಳು. ಆದರೆ ನಮ್ಮ ಮನೆಯ ಮಾತು ತುಳು. ಅವಳಿಗೆ ಅದು ತಿಳಿಯದು. ಕನ್ನಡದಲ್ಲಿ ಕೇಳಿದರೆ ತಿಳಿದುಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಅವಳ ತಾಯಿಯ ಕನ್ನಡ ನನಗೆ ಅರ್ಧ ದಾರಿಯಲ್ಲೇ ತಪ್ಪಿ ಹೋಗುತ್ತಿತ್ತು. ಹಾಗಾಗಿ ಮನೆಯಲ್ಲಿ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಮಾತು ಕಡಿಮೆ, ಗುಣ ಒಳ್ಳೆಯದು ಎಂದು ನಾನು ನಾಲ್ಕು ಜನರ ಹತ್ತಿರ ಹೊಗಳುತ್ತಿದ್ದೆ. ಮಾತು ಯಾಕೆ ಕಡಿಮೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಇನ್ನು ಹಣ್ಣಿನ ವಿಷಯ. ನಮ್ಮಲ್ಲಿ ಹಣ್ಣನ್ನು ಕೊಂಡು ತರುವುದು ಮೂರು ಕಾರಣಕ್ಕೆ: ದೇವರಿಗೆ, ಕಾಯಿಲೆಯವರಿಗೆ, ಇನ್ನೊಬ್ಬರ ಮನೆಗೆ ಹೋಗುವಾಗ ಕೈಯಲ್ಲಿ ಹಿಡಿಯಲು. ಸುಮ್ಮನೆ ತಿನ್ನಬೇಕೆಂದು ಹಣ್ಣು ತರುವುದು ನಮಗೆ ಅಭ್ಯಾಸವಿರಲಿಲ್ಲ. ನನ್ನವರು ಸೇಬಿನ ಚೀಲ ಹಿಡಿದು ಮೆಟ್ಟಿಲು ಹತ್ತಿದರೆ ಎದುರು ಬಾಗಿಲಿನ ಮರಾಠಿ ಹೆಂಗಸು ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಿದ್ದಳು. ಅವಳು ಕೇಳಿದ್ದೂ ಸರಿಯೇ ಎಂದು ನಮಗೆ ತೋರುತ್ತಿತ್ತು.

ಮನೆಗೆ ಬಂದ ಹಣ್ಣನ್ನು ನಾನು ದೇವರ ಮುಂದೆ ಇಡುತ್ತಿದ್ದೆ. ಅಷ್ಟರಲ್ಲಿ ಯಾರಿಗೋ ಹೆರಿಗೆ, ಯಾರಿಗೋ ಆಪರೇಷನ್, ಯಾರದೋ ಹೊಸ ಮನೆ. ಬರಿಗೈಯಲ್ಲಿ ಹೋಗಲಾಗುತ್ತದೆಯೇ? ದೇವರ ಮುಂದಿದ್ದ ಚೀಲವನ್ನೇ ಎತ್ತಿಕೊಂಡು ಹೊರಡುತ್ತಿದ್ದೆ. ಅವರು ತಮ್ಮ ದೇವರ ಮುಂದಿಟ್ಟು, ಮರುದಿನ ಇನ್ನೊಂದು ಮನೆಗೆ. ಕೋಪರಿಯಲ್ಲಿ ನಮ್ಮ ಕಡೆಯ ಹತ್ತು ಹನ್ನೆರಡು ಮನೆಗಳಲ್ಲಿ ಹಣ್ಣು ಹೀಗೆ ಸುತ್ತುತ್ತಿತ್ತು. ಹೊರಗೆ ಕೊಡಲಿಕ್ಕೆ ಆಗದಷ್ಟು ಕಪ್ಪು ಚುಕ್ಕೆ ಬಿದ್ದದ್ದು ಮಾತ್ರ ಮನೆಯಲ್ಲಿ ಉಳಿಯುತ್ತಿತ್ತು. ಅದನ್ನು ಸಣ್ಣಗೆ ಕೊಯ್ದು ಎಲ್ಲರ ಕೈಗೂ ಒಂದೊಂದು ಚೂರು ಹಾಕುತ್ತಿದ್ದೆ. ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕುತ್ತಿದ್ದೆವು. ಹಣ್ಣು ತಿನ್ನುವುದೆಂದರೆ ಇದೇ ಎಂದು ನಾನು ತಿಳಿದಿದ್ದೆ. ನನ್ನ ಮನೆಯಿಂದ ಯಾರೂ ಬರಿಗೈಯಲ್ಲಿ ಹೋದವರಿಲ್ಲ, ನಾನು ಯಾರ ಮನೆಗೂ ಬರಿಗೈಯಲ್ಲಿ ಹೋದವಳಲ್ಲ ಎಂಬುದು ನನಗೆ ದೊಡ್ಡ ಹೆಮ್ಮೆ.

ಸೊಸೆಗೆ ದಿನ ನಿಂತಿತು. ಆ ಸುದ್ದಿ ಕೇಳಿ ನಾನು ಎಷ್ಟು ಕುಣಿದೆನೆಂದರೆ, ನನ್ನವರು ಕೆಳಗಿನ ಮನೆಯವರ ಮಾಳಿಗೆ ಬೀಳುತ್ತದೆ ಮಾರಾಯ್ತಿ ಎಂದರು. ಆದರೆ ಎರಡನೇ ತಿಂಗಳಿಗೆ ವಾಂತಿ ಶುರುವಾಯಿತು. ಅನ್ನದ ವಾಸನೆ ಆಗದು, ಒಗ್ಗರಣೆ ಆಗದು, ತೆಂಗಿನೆಣ್ಣೆಯಂತೂ ಆಗಲೇ ಆಗದು. ಚಹಾ ಕುಡಿದರೆ ಚಹಾ ಹೊರಗೆ, ಗಂಜಿ ಕುಡಿದರೆ ಗಂಜಿ ಹೊರಗೆ. ಒಂದು ದಿನ ಅರ್ಧ ಬಾಳೆಹಣ್ಣು ತಿಂದಳು, ಅದು ಹೊಟ್ಟೆಯಲ್ಲಿ ನಿಂತಿತು. ಮರುದಿನ ಮೆತ್ತಗಿನ ಚಿಕ್ಕು, ಅದೂ ನಿಂತಿತು. ನನಗೆ ಜೀವ ಬಂದ ಹಾಗಾಗಿ ಬೀಗಿತ್ತಿಗೆ ಫೋನ್ ಮಾಡಿ ಹಣ್ಣು ಮಾತ್ರ ಒಗ್ಗುತ್ತದೆ ಎಂದು ಹೇಳಿದವಳು ನಾನೇ. ಅಲ್ಲಿಂದ ಬೀಗಿತ್ತಿ ಪ್ರತಿ ವಾರ ಬರತೊಡಗಿದರು. ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು, ಟಿಕೆಟಿನ ಕೂಪನ್ನಿಗೆ ಸ್ಟೇಷನ್ನಿನ ಯಂತ್ರದಲ್ಲಿ ಠಸ್ಸೆ ಹೊಡೆದು, ಜನರ ನಡುವೆ ಚೀಲವನ್ನು ತಲೆಯ ಮೇಲಕ್ಕೆತ್ತಿ ಹಿಡಿದು ಬರುವ ಹೆಂಗಸು. ಬ್ಲೌಸ್ ಹೊಲಿದು ಉಳಿದ ಬಟ್ಟೆಗಳನ್ನು ಜೋಡಿಸಿ ಅವರೇ ಹೊಲಿದ ಚೀಲ ಅದು. ಬಾಯಿಗೆ ಲಾಡಿ. ಅದನ್ನು ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ತೂರಿಸಿ ಎಳೆದು ಕಟ್ಟುತ್ತಿದ್ದರು. ರೈಲಿನ ನೂಕಾಟದಲ್ಲೂ ಬಿಚ್ಚದ ಗಂಟು.

ಆ ಚೀಲವನ್ನು ಅವರು ಮಗಳ ಕೈಗೆ ಕೊಡುತ್ತಿರಲಿಲ್ಲ, ನನ್ನ ಕೈಗೆ ಕೊಡುತ್ತಿದ್ದರು. ಮನೆಯ ಹಿರಿಯವಳ ಕೈಗೆ ಕೊಡುವುದು ಮರ್ಯಾದೆ. ನಾನು ದೇವರ ಮುಂದೆ ಇಡುತ್ತಿದ್ದೆ. ಅದು ನನ್ನ ಮರ್ಯಾದೆ. ಈ ಎರಡು ಮರ್ಯಾದೆಗಳ ನಡುವೆ ಹಸಿದ ಹುಡುಗಿಯೊಬ್ಬಳು ಕೂತಿದ್ದಳು. ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಬೀಳದೆ ಇರಲು ನನಗೆ ಬೇರೆ ಕಾರಣಗಳೂ ಇದ್ದವು. ಜೋಡಿ ಬಾಳೆಹಣ್ಣು ಬಸುರಿಗೆ ಕೊಡಬಾರದು, ಅದನ್ನು ತೆಗೆದಿಟ್ಟೆ. ಪಪ್ಪಾಯಿ, ಅನಾನಸು ಮನೆಯೊಳಗೇ ಬರಬಾರದು. ಒಂದು ವಾರ ಬೀಗಿತ್ತಿ ಒಣ ಅಂಜೂರ ತಂದರು. ಅವರಿಗೆ ಗೊತ್ತಿದ್ದ ನರ್ಸ್ ಒಬ್ಬಳು ನೀರಿನಲ್ಲಿ ನೆನೆಸಿ ದಿನಕ್ಕೆ ಎರಡು ಕೊಡಿ, ಶಕ್ತಿ ಬರುತ್ತದೆ ಎಂದು ಹೇಳಿದ್ದಳಂತೆ. ನಾನು ಆಯ್ತು ಎಂದೆ. ಮನಸ್ಸಿನಲ್ಲಿ, ಅಂಜೂರ ಉಷ್ಣ, ಈ ತಿಂಗಳಲ್ಲಿ ಯಾರಾದರೂ ಕೊಡುತ್ತಾರಾ ಎಂದುಕೊಂಡೆ. ಅದನ್ನು ಅವರ ಎದುರು ಹೇಳಿದ್ದರೂ ಒಳ್ಳೆಯದಿತ್ತು, ಜಗಳವಾದರೂ ಆಗುತ್ತಿತ್ತು. ಬೀಗಿತ್ತಿಯ ಮನಸ್ಸು ಯಾಕೆ ನೋಯಿಸುವುದೆಂದು ಸುಮ್ಮನೆ ದೇವರ ಮುಂದಿಟ್ಟೆ. ಆ ವಾರವೇ ಕಾಮೋಠೆಯಲ್ಲಿರುವ ನನ್ನ ತಂಗಿಯ ಗಂಡನಿಗೆ ಕಣ್ಣಿನ ಆಪರೇಷನ್ ಆಯಿತು. ಚೀಲ ಎತ್ತಿಕೊಂಡು ಠಾಣೆಯಿಂದ ಪನ್ವೆಲ್ ಗಾಡಿ ಹತ್ತಿದೆ. ಒಣ ಹಣ್ಣು, ಕೆಡುವುದಿಲ್ಲ, ಕೊಡಲಿಕ್ಕೆ ಚಂದ ಎಂದು ದಾರಿಯುದ್ದಕ್ಕೂ ಸಮಾಧಾನದಲ್ಲೇ ಇದ್ದೆ.

ತಿಂಗಳ ತಪಾಸಣೆಗೆ ಸೊಸೆಯ ಜೊತೆ ನಾನೇ ಹೋಗುತ್ತಿದ್ದೆ. ಡಾಕ್ಟರಮ್ಮ ಒಂದು ಕಾಗದ ಇಟ್ಟುಕೊಂಡು ಏನೇನು ತಿನ್ನುತ್ತಾಳೆ ಎಂದು ಹಿಂದಿಯಲ್ಲಿ ಕೇಳಿದರು. ಸೊಸೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, ವಾಂತಿ ಜಾಸ್ತಿ, ಆದರೆ ಹಣ್ಣಿಗೆ ಮಾತ್ರ ಏನೂ ಕಡಿಮೆ ಇಲ್ಲ, ದಿನಕ್ಕೆ ಮೂರು ಬಾಳೆಹಣ್ಣು, ಎರಡು ಚಿಕ್ಕು, ಮತ್ತೆ ಖರ್ಜೂರ, ಅಂಜೂರ ಎಂದು. ಮನೆಗೆ ಬಂದದ್ದನ್ನೆಲ್ಲ ಹೇಳಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ. ಸೊಸೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದು ಹೇಳುತ್ತಿದ್ದೇನೆ, ಅಷ್ಟೇ ಎನಿಸಿತ್ತು. ಡಾಕ್ಟರಮ್ಮ ಬರೆದುಕೊಂಡು, ಹಣ್ಣು ಇಷ್ಟು ಹೋಗುತ್ತಿದ್ದರೆ ಸದ್ಯಕ್ಕೆ ಪರವಾಗಿಲ್ಲ ಎಂದರು. ಸೊಸೆ ಒಮ್ಮೆ ನನ್ನ ಕಡೆ ನೋಡಿದಳು. ಆ ನೋಟ ನನಗೆ ಈಗಲೂ ನೆನಪಿದೆ. ಸಿಟ್ಟಿರಲಿಲ್ಲ ಅದರಲ್ಲಿ. ಹೌದಾ, ನಾನು ಅಷ್ಟೆಲ್ಲ ತಿಂದೆನಾ ಎಂದು ತನ್ನನ್ನೇ ಕೇಳಿಕೊಂಡ ಹಾಗಿತ್ತು.

ನಾಲ್ಕನೇ ತಿಂಗಳಲ್ಲಿ ಅವಳ ಮೀನಖಂಡ ಹಿಡಿಯತೊಡಗಿತು. ಸಂಜೆ ಆಫೀಸಿನಿಂದ ಬಂದು ಕೂತಲ್ಲೇ ಕಾಲು ಸೆಟೆದು ಹಲ್ಲು ಕಚ್ಚುತ್ತಿದ್ದಳು. ಎಣ್ಣೆ ಬಿಸಿ ಮಾಡಿ ನಾನೇ ತಿಕ್ಕುತ್ತಿದ್ದೆ. ಅವಳಿಗೆ ತೆಂಗಿನೆಣ್ಣೆಯ ವಾಸನೆ ಆಗುವುದಿಲ್ಲವೆಂದು ಎಳ್ಳೆಣ್ಣೆ ತರಿಸಿದ್ದೆ, ಅಷ್ಟು ಪ್ರೀತಿ ನನಗೆ. ಆಮೇಲೆ ಕಣ್ಣಿನ ರೆಪ್ಪೆ ಹೊಡೆದುಕೊಳ್ಳಲು ಶುರುವಾಯಿತು. ಬೆರಳು ನಡುಗಿ ಸ್ಟೀಲಿನ ಲೋಟ ಎರಡು ಸಲ ಕೈ ಜಾರಿತು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದೆ. ನನ್ನವರು ಮಾತ್ರ ಒಂದು ಸಂಜೆ ಅವಳನ್ನೇ ನೋಡುತ್ತಿದ್ದು, ಈ ಹುಡುಗಿ ಸೊರಗುತ್ತಿದ್ದಾಳಲ್ಲ ಎಂದರು. ವಾಂತಿ ನಿಂತರೆ ಸರಿ ಹೋಗುತ್ತಾಳೆ ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ಐದನೇ ತಿಂಗಳು ಹಿಡಿದಿತ್ತು. ರಜೆ ಹಾಕು ಎಂದರೂ ಕೇಳದೆ ಬೆಳಿಗ್ಗೆ ಮಗನ ಜೊತೆ ಆಫೀಸಿಗೆ ಹೊರಟಿದ್ದಳು. ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಅರ್ಧ ಮೆಟ್ಟಿಲಿನಲ್ಲಿ ಎರಡೂ ಕಾಲು ಸೆಟೆದು ಕುಸಿದಳು. ಎದೆ ತಾಳ ತಪ್ಪಿ ಹೊಡೆದುಕೊಳ್ಳುತ್ತಿತ್ತಂತೆ. ಬೆಳಗಿನ ಗರ್ದಿ, ಮೇಲಿನಿಂದ ಇಳಿಯುವ ಜನ. ಯಾರೋ ಹೆಂಗಸರು ಸುತ್ತ ನಿಂತು ಜನರನ್ನು ತಡೆದರಂತೆ. ಮಗ ಅವಳನ್ನು ಎತ್ತಿಕೊಂಡು ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದ. ನನಗೆ ಫೋನ್ ಬಂದಾಗ ನಾನು ದೇವರಿಗೆ ಹೂ ಏರಿಸುತ್ತಿದ್ದೆ. ಮುಂದೆ ಒಂದು ಡಜನ್ ಬಾಳೆಹಣ್ಣಿತ್ತು. ಅದನ್ನೇ ಹಿಡಿದುಕೊಂಡು ಓಡಿದೆ. ನನ್ನ ಸೊಸೆಯನ್ನು ನೋಡಲು ಹೋಗುವಾಗಲೂ ನನ್ನ ಕೈ ಬರಿದಾಗಿರಲಿಲ್ಲ.

ಮಗು ಇದೆ, ಎದೆಬಡಿತ ಕೇಳುತ್ತಿದೆ ಎಂದರು. ಆದರೆ ತಾಯಿಯ ರಕ್ತದಲ್ಲಿ ಇರಬೇಕಾದದ್ದು ಇಲ್ಲ, ಅದನ್ನು ಬಾಟಲಿಯಲ್ಲಿ ಹಾಕಬೇಕು, ಹೃದಯದ ಮೇಲೆ ಕಣ್ಣಿಡಬೇಕು, ಎರಡು ಮೂರು ದಿನ ಏನೂ ಹೇಳಲಾಗದು ಎಂದರು. ಅಷ್ಟರಲ್ಲಿ ಡೊಂಬಿವಲಿಯಿಂದ ಬೀಗಿತ್ತಿ ಬಂದರು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು. ಮಂಚದ ಆ ಕಡೆ ಅವರು, ಈ ಕಡೆ ನಾನು.

ಮೂರನೇ ದಿನ ಸೊಸೆ ಸ್ವಲ್ಪ ಚೇತರಿಸಿಕೊಂಡಿದ್ದಳು. ಊಟದ ವಿಷಯ ನೋಡುವ ಹುಡುಗಿಯೊಬ್ಬಳು ಬಂದಳು, ಆಸ್ಪತ್ರೆಯವಳೇ. ನಮ್ಮ ಮಾತು ಕೇಳಿ, ನಾನು ಮೈಸೂರಿನವಳು ಎಂದು ನಕ್ಕಳು. ಅವಳ ಕೈಯಲ್ಲಿ ತಪಾಸಣೆಯ ಡಾಕ್ಟರಮ್ಮ ಬರೆದ ಹಳೆಯ ಕಾಗದವಿತ್ತು. ಸೊಸೆಯ ಮೈಯಲ್ಲಿ ಕಡಿಮೆಯಾದದ್ದು ಪೊಟ್ಯಾಸಿಯಂ, ಅದಕ್ಕಿಂತ ಹೆಚ್ಚಾಗಿ ಮೆಗ್ನೀಸಿಯಂ ಎಂದಳು. ಆ ಹೆಸರನ್ನು ನಾನು ಅಂದೇ ಮೊದಲು ಕೇಳಿದ್ದು. ಮಣ್ಣಿನಲ್ಲಿರುತ್ತದಂತೆ, ಎಲೆಯ ಹಸಿರಿನಲ್ಲಿರುತ್ತದಂತೆ, ಅಲ್ಲಿಂದ ಕಾಳಿಗೆ, ಹಣ್ಣಿಗೆ, ಹಣ್ಣಿನಿಂದ ನಮಗೆ. ಸ್ನಾಯು ಬಿಗಿದದ್ದು ಸಡಿಲವಾಗಲು ಅದು ಬೇಕು, ಹೃದಯವೂ ಸ್ನಾಯುವೇ ಎಂದು ವಿವರಿಸಿದಳು. ಆಮೇಲೆ ಕಾಗದ ನೋಡಿ ಹುಬ್ಬು ಗಂಟಿಕ್ಕಿದಳು.

"ಅಮ್ಮ, ಇಲ್ಲಿ ದಿನಕ್ಕೆ ಮೂರು ಬಾಳೆಹಣ್ಣು, ಎರಡು ಚಿಕ್ಕು, ಅಂಜೂರ ಅಂತೆಲ್ಲಾ ಬರ್ದಿದೆ. ಯಾರು ಹೇಳಿದ್ದು?"

"ನಾನೇ."

"ಇದು ಇವ್ರು ತಿಂದಿದ್ದಾ, ಇಲ್ಲಾ ಮನೆಗೆ ಬಂದಿದ್ದಾ?"

ಅಷ್ಟು ಸಣ್ಣ ಪ್ರಶ್ನೆಯನ್ನು ಯಾರೂ ನನ್ನ ಹತ್ತಿರ ಕೇಳಿರಲಿಲ್ಲ. ಅವಳು ನನ್ನನ್ನು ಗದರಿಸಲಿಲ್ಲ. ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ ಎಂದು ಸಮಾಧಾನದಲ್ಲಿ ಹೇಳಿದಳು. ದೇಶದಲ್ಲಿ ಎಷ್ಟು ಹಣ್ಣು ಬೆಳೆಯಿತು, ಎಷ್ಟು ಹೊರದೇಶಕ್ಕೆ ಹೋಯಿತು, ಎಷ್ಟು ಒಳಗೆ ಬಂತು ಎಂದು ನೋಡಿ, ಉಳಿದದ್ದನ್ನು ಜನರ ತಲೆಗೆ ಸಮನಾಗಿ ಹಂಚಿ, ಒಬ್ಬೊಬ್ಬರಿಗೆ ಹಣ್ಣಿನಿಂದ ಇಷ್ಟಿಷ್ಟು ಮೆಗ್ನೀಸಿಯಂ ಸಿಗುತ್ತದೆ ಎಂದು ಕಾಗದದ ಮೇಲೆ ಬರೆಯುತ್ತಾರಂತೆ. ಆ ಕಾಗದ ಸುಳ್ಳಲ್ಲ. ಆದರೆ ಅದು ಮಾರುಕಟ್ಟೆಗೆ ಬಂದ ಹಣ್ಣಿನ ಕಾಗದ. ಗೋಣಿಯಲ್ಲಿ ಕೊಳೆತದ್ದು, ಒಬ್ಬನೇ ತಿಂದದ್ದು, ಒಬ್ಬಳು ತಿನ್ನದೇ ಹೋದದ್ದು ಅದಕ್ಕೆ ಕಾಣಿಸುವುದಿಲ್ಲ. ನಮ್ಮ ದೇಶದಲ್ಲಿ ಮೆಗ್ನೀಸಿಯಂ ಹೆಚ್ಚು ಬರುವುದು ಗೋಧಿ, ರಾಗಿ, ಬೇಳೆ, ಸೊಪ್ಪಿನಿಂದ, ಹಣ್ಣಿನ ಪಾಲು ಸಣ್ಣದು ಎಂದೂ ಹೇಳಿದಳು. ಆದರೆ ಇವರಿಗೆ ಬೇರೇನೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲವಲ್ಲ, ಆ ಸಣ್ಣ ಪಾಲೇ ಇವರಿಗೆ ದೊಡ್ಡ ಆಧಾರವಾಗಿತ್ತು, ಅದು ಸಿಕ್ಕಿದೆ ಎಂದು ಕಾಗದದಲ್ಲಿ ಇದ್ದುದರಿಂದ ಯಾರೂ ರಕ್ತದಲ್ಲಿ ಹುಡುಕಲಿಲ್ಲ ಎಂದಳು.

ನಾನು ವಾಶಿಯ ಹಣ್ಣಿನ ಮಾರುಕಟ್ಟೆಯನ್ನು ನೆನೆದೆ. ಲಾರಿಯ ಹಿಂದೆ ಲಾರಿ, ಬಾಳೆಗೊನೆಯ ರಾಶಿ. ಅಷ್ಟೊಂದು ಇದೆಯಲ್ಲ ಎಂದು ನೋಡಿದವರಿಗೆ ಅನಿಸುತ್ತದೆ. ನನ್ನ ದೇವರ ಮುಂದೆ ನೋಡಿದವರಿಗೂ ಹಾಗೆಯೇ ಅನಿಸಿರಬೇಕು.

ಆಗಲೇ ಕಾಮೋಠೆಯ ತಂಗಿ ಬಂದಳು. ಬಿಸಿಲಿನಲ್ಲಿ ಬೆವರಿಕೊಂಡು, ಸೊಸೆಯ ಗಲ್ಲ ಸವರಿ, ಎಂತ ಮಗಾ ಹೀಗೆ ಮಾಡಿಕೊಂಡೆ ಎಂದು ಹೇಳಿ, ಕೈಯಲ್ಲಿದ್ದ ಚೀಲವನ್ನು ಮಂಚದ ಮೇಲೆ ಇಟ್ಟಳು. ನೀಲಿ, ಹಳದಿ, ಕುಂಕುಮ ಬಣ್ಣದ ಬ್ಲೌಸ್ ತುಂಡುಗಳ ಚೀಲ.

ಬೀಗಿತ್ತಿ ಎದ್ದು ನಿಂತರು. ಚೀಲವನ್ನು ಎತ್ತಲಿಲ್ಲ. ಲಾಡಿಯ ಗಂಟನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು ಅಷ್ಟೇ.

"ಇದು ನಾ ಕಟ್ಟಿದ್ ಗಂಟ್ರೀ," ಎಂದರು. ದನಿ ಏರಿರಲಿಲ್ಲ. "ಇನ್ನೂ ಬಿಚ್ಚೇ ಇಲ್ಲ."

ತಂಗಿಗೆ ಏನೂ ಗೊತ್ತಿಲ್ಲ. ಅವಳು ನಗುತ್ತಲೇ ಹೇಳಿದಳು, "ಅಕ್ಕ ಕೊಟ್ಟದ್ದು ಹಾಗೇ ಇತ್ತು ಮಾರಾಯ್ರೆ. ನಮ್ಮವರಿಗೆ ಸಕ್ಕರೆ ಕಾಯಿಲೆ, ಅವರ ಕೈಗೆ ಅಂಜೂರ ಸಿಕ್ಕಿದ್ರೆ ಈ ಮಂಚದಲ್ಲಿ ಅವರೇ ಇರ್ತಿದ್ರು. ಬರಿಗೈಲಿ ಹೇಗೆ ಬರುದು ಅಂತ ಇದನ್ನೇ ತಂದೆ."

ಯಾರೂ ನಗಲಿಲ್ಲ. ಡೊಂಬಿವಲಿಯಿಂದ ಕೋಪರಿಗೆ, ಕೋಪರಿಯಿಂದ ಕಾಮೋಠೆಗೆ, ಕಾಮೋಠೆಯಿಂದ ತಿರುಗಿ ಠಾಣೆಗೆ. ಮೂರು ರೈಲು ಹತ್ತಿ ಇಳಿದ ಅಂಜೂರ ಕಡೆಗೂ ಯಾರಿಗೆ ಸೇರಬೇಕೋ ಅವರ ಕಾಲ ಹತ್ತಿರ ಬಂದು ಕೂತಿತ್ತು. ಅದರ ಪಕ್ಕದಲ್ಲಿ ಬಾಟಲಿಯಿಂದ ಹನಿ ಹನಿಯಾಗಿ ಅದೇ ಮೆಗ್ನೀಸಿಯಂ ಇಳಿಯುತ್ತಿತ್ತು.

ಬೀಗಿತ್ತಿ ಮಗಳ ಕಡೆ ತಿರುಗಿದರು. "ನೀನರ ಕೇಳಬಾರದೇನಬೇ? ಬಾಯಿಲ್ಲೇನ್ ನಿನಗ?"

ಸೊಸೆ ಆ ದಿನ ಹಿಂದಿಯಲ್ಲಿ ಹೇಳಲಿಲ್ಲ. ತನ್ನ ತಾಯಿಯ ಕನ್ನಡದಲ್ಲೇ ಹೇಳಿದಳು. "ದೇವರ ಮುಂದ ಇಟ್ಟಿದ್ದು ಹೆಂಗ ಕೇಳಲಿ ಅವ್ವಾ. ಅತ್ತಿ ಚೂರು ಕೊಡ್ತಿದ್ರು. ಇವ್ರ ಮನ್ಯಾಗ ಅಷ್ಟ ತಿನ್ನೋದು ಅಂದ್ಕೊಂಡೆ."

ಯಾವ ಬೈಗುಳವೂ ನನ್ನನ್ನು ಅಷ್ಟು ಸುಟ್ಟಿರಲಾರದು. ನಾನು ಮೈಸೂರಿನ ಹುಡುಗಿಗೆ ಹೇಳಿದೆ, "ಬಂದದ್ದು ಅಮ್ಮಾ. ತಿಂದದ್ದಲ್ಲ. ಬರೆದದ್ದನ್ನು ಹೊಡೆದು ಹಾಕಿ." ಅವಳು ಪೆನ್ನು ತೆಗೆದು ನನ್ನ ಎದುರಿಗೇ ಆ ಸಾಲಿನ ಮೇಲೆ ಗೆರೆ ಎಳೆದಳು. ಆಮೇಲೆ ಸೊಸೆಯನ್ನೇ ಕೇಳಿ ಹೊಸದಾಗಿ ಬರೆದಳು. ದಿನಕ್ಕೆ ಒಂದು ಚೂರು, ಕೆಲವು ದಿನ ಅದೂ ಇಲ್ಲ. ಇಂಗ್ಲಿಷಿನಲ್ಲಿ ಬರೆದದ್ದು ನನಗೆ ಓದಲು ಬಾರದು, ಆದರೆ ಸಾಲು ಎಷ್ಟು ಗಿಡ್ಡವಾಗಿತ್ತೆಂದು ಕಂಡಿತು.

ಬೀಗಿತ್ತಿ ಚೀಲವನ್ನು ಎತ್ತಿ ಮಗಳ ಮಡಿಲಲ್ಲಿಟ್ಟರು. ನನ್ನ ಕೈಗೆ ಕೊಡಲಿಲ್ಲ. ಸೂಜಿ ಚುಚ್ಚಿದ್ದ ಕೈಯಲ್ಲಿ ಸೊಸೆಗೆ ಗಂಟು ಬಿಚ್ಚಲು ಆಗಲಿಲ್ಲ, ಬೀಗಿತ್ತಿಯೇ ಬಿಚ್ಚಿದರು. ಒಂದು ಅಂಜೂರ ತೆಗೆದು ಹರಿದು ಮಗಳ ಬಾಯಿಗಿಟ್ಟರು. ಆಮೇಲೆ ನನ್ನ ಕಡೆ ನೋಡದೆ, "ಹೆರಿಗಿ ಆಗೋತನಾ ನಾ ಇಕಿನ್ನ ಕರಕೊಂಡು ಹೊಕ್ಕೀನ್ರಿ," ಎಂದರು. ಏಳನೇ ತಿಂಗಳ ಶಾಸ್ತ್ರ ಆಗದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಆ ಮಾತು ನನ್ನ ನಾಲಿಗೆಯವರೆಗೆ ಬಂತು, ನುಂಗಿದೆ. ಮಗ ನನ್ನ ಮುಖ ನೋಡಿದ. ಕರಕೊಂಡು ಹೋಗಿ ಎಂದೆ.

ಆಮೇಲಿನ ನಾಲ್ಕು ತಿಂಗಳು ಹೇಗೆ ಕಳೆದೆ ಎಂದು ಕೇಳಬೇಡಿ. ಮನೆ ಬಿಕೋ ಎನ್ನುತ್ತಿತ್ತು. ಮಗ ಆಫೀಸಿನಿಂದ ನೇರ ಡೊಂಬಿವಲಿಗೆ ಹೋಗುತ್ತಿದ್ದ. ನನ್ನವರು ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಒಂದು ಶಿಕ್ಷೆ. ಯಾರಾದರೂ ಹಣ್ಣು ತಂದರೆ ಮುಟ್ಟಲು ಭಯವಾಗುತ್ತಿತ್ತು. ಮಗುವಿಗೆ ಏನಾದರೂ ಕೊರತೆಯಾಗಿದ್ದರೆ? ಹೃದಯ? ಕೈಕಾಲು? ಸೋನೋಗ್ರಫಿಯಲ್ಲಿ ಎಲ್ಲ ಸರಿ ಇದೆ ಎಂದು ಮಗ ಫೋನಿನಲ್ಲಿ ಹೇಳಿದರೂ, ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾನೆ ಎಂದೇ ಅನಿಸುತ್ತಿತ್ತು. ನಾನೇ ಎಷ್ಟು ಚಂದವಾಗಿ ಡಾಕ್ಟರಮ್ಮನಿಗೆ ಎಲ್ಲ ಸರಿ ಇದೆ ಎಂದಿದ್ದೆನಲ್ಲ.

ದಿನ ಬಿಟ್ಟು ದಿನ ನಾನೂ ಡೊಂಬಿವಲಿಗೆ ಹೋಗುತ್ತಿದ್ದೆ. ಠಾಣೆ ಸ್ಟೇಷನ್ನಿನ ಹೊರಗೆ ಗಾಡಿಯವನ ಹತ್ತಿರ ಹಣ್ಣು ಕೊಂಡು, ದೇವರ ಮುಂದೆ ಇಡದೆ, ನೇರ ಹೋಗಿ ಬೀಗಿತ್ತಿಯ ಅಡುಗೆಮನೆಯಲ್ಲಿ ಕೂತು ನಾನೇ ಕೊಯ್ದು ತಟ್ಟೆ ಸೊಸೆಯ ಮುಂದೆ ಇಡುತ್ತಿದ್ದೆ. ಅವಳು ತಿಂದು ಮುಗಿಸುವವರೆಗೆ ಏಳುತ್ತಿರಲಿಲ್ಲ. ಮೊದಮೊದಲು ಬೀಗಿತ್ತಿ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತುತ್ತಿರಲಿಲ್ಲ. ಒಂದು ದಿನ ತಾವೇ ಚಹಾ ತಂದಿಟ್ಟು, "ನೀವೂ ಒಂದ್ ಹೋಳ ತಿನ್ರಿ, ನಿಮಗೂ ಮೆಗ್ನೀಸಿಯಂ ಬೇಕಾಗಿರಬೇಕು, ಕಾಲು ಎಳದು ಹಾಕ್ತೀರಿ," ಎಂದರು. ಅದು ತಮಾಷೆಯೋ ಚುಚ್ಚಿದ್ದೋ ನನಗೆ ತಿಳಿಯಲಿಲ್ಲ. ತಿಂದೆ. ಇಡೀ ಹೋಳು ತಿಂದದ್ದು ಎಷ್ಟೋ ವರ್ಷದ ನಂತರ.

ಮೊಮ್ಮಗಳು ಕಲ್ಯಾಣದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದಳು. ದಿನ ತುಂಬಿ ಹುಟ್ಟಿದಳು. ಸ್ವಲ್ಪ ಸಣ್ಣ ಎಂದರು, ಆದರೆ ಅವಳು ಅತ್ತ ಅಳು ಕೇಳಿ ಹೊರಗಿದ್ದ ನಮಗೆ ಸಣ್ಣವಳೆಂದು ಅನಿಸಲಿಲ್ಲ. ನರ್ಸ್ ತಂದು ತೋರಿಸಿದಾಗ ನಾನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಕಾಲನ್ನು. ಎರಡೂ ಕಾಲನ್ನು ಮಡಚಿ ಝಾಡಿಸಿದಳು, ಬಟ್ಟೆ ಹಾರಿ ಹೋಯಿತು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಬೀಗಿತ್ತಿಯೂ ಪಕ್ಕದಲ್ಲಿ ಕೂತು ಅತ್ತರು. ನಾವಿಬ್ಬರೂ ಒಂದೇ ಕನ್ನಡದಲ್ಲಿ ಅತ್ತದ್ದು ಅದೊಂದೇ ಸಲ ಇರಬೇಕು.

ನಾಮಕರಣ ಕೋಪರಿಯಲ್ಲಿ ಆಯಿತು. ಬಂದವರೆಲ್ಲ ಹಣ್ಣು ತಂದರು, ಮೂಲೆಯಲ್ಲಿ ಚೀಲಗಳ ರಾಶಿ ಬಿತ್ತು. ನಾನು ಬಾಳೆಎಲೆ ಹಾಸಿ ಚಾಕು ಹಿಡಿದು ಕೂತೆ. ಸೇಬು, ಮೋಸಂಬಿ, ಚಿಕ್ಕು, ಎಲ್ಲವನ್ನೂ ಕೊಯ್ದೆ. ಅಕ್ಕಾ, ಇಷ್ಟನ್ನು ಯಾರು ತಿನ್ನುವುದು, ನಾಳೆ ಯಾರಿಗಾದರೂ ಕೊಡಲಿಕ್ಕೆ ಆಗುತ್ತಿತ್ತಲ್ಲ ಎಂದಳು ತಂಗಿ. ಕೊಯ್ದ ಹಣ್ಣನ್ನು ಯಾರೂ ಇನ್ನೊಂದು ಮನೆಗೆ ಒಯ್ಯುವುದಿಲ್ಲ, ಅದಕ್ಕೇ ಕೊಯ್ಯುತ್ತಿದ್ದೇನೆ ಎಂದೆ. ದೇವರಿಗೂ ಕೊಯ್ದದ್ದನ್ನೇ ಇಟ್ಟೆ. ಮೊದಲ ತಟ್ಟೆ ಬಾಣಂತಿಗೆ ಹೋಯಿತು.

ಸೊಸೆ ನನ್ನನ್ನು ಕ್ಷಮಿಸಿದ್ದಾಳೆ, ಅಥವಾ ಅವಳಿಗೆ ಕ್ಷಮಿಸುವಂಥದ್ದು ಏನೂ ಕಂಡಿರಲಿಲ್ಲ. ಅವಳ ಗುಣ ಅಂಥದ್ದು. ಈಗ ಅವಳು ಬೇಕಾದ ಹಣ್ಣನ್ನು ತಾನೇ ತೆಗೆದು ತಿನ್ನುತ್ತಾಳೆ, ಬೇಡ ಎನಿಸಿದರೆ ಬೇಡ ಎನ್ನುತ್ತಾಳೆ, ಎರಡನ್ನೂ ಕನ್ನಡದಲ್ಲೇ ಹೇಳುತ್ತಾಳೆ.

ಬೀಗಿತ್ತಿ ಮಾತ್ರ ಮರೆತಿಲ್ಲ. ನಾಲ್ಕು ವರ್ಷವಾದರೂ, ಚೀಲ ತಂದರೆ ಅದು ತಮ್ಮ ಕಣ್ಣೆದುರು ಬಿಚ್ಚುವವರೆಗೆ ಎದ್ದು ಹೋಗುವುದಿಲ್ಲ. ಚಹಾ ಕುಡಿದಾದ ಮೇಲೂ, ಗಾಡಿಗೆ ಹೊತ್ತಾದರೂ, ಕೂತೇ ಇರುತ್ತಾರೆ. ಮೊದಲು ನನಗೆ ಇದು ನೋಯುತ್ತಿತ್ತು. ಈಗ ನಾನೇ ಚೀಲವನ್ನು ತಂದು ನಡುಮನೆಯಲ್ಲಿಟ್ಟು ಮೊಮ್ಮಗಳನ್ನು ಕರೆಯುತ್ತೇನೆ. ಅವಳು ಓಡಿ ಬಂದು ಆ ಬಿಗಿ ಗಂಟಿನ ಜೊತೆ ಗುದ್ದಾಡುತ್ತಾಳೆ. ಬೆರಳಿನಲ್ಲಿ ಆಗದಿದ್ದರೆ ಹಲ್ಲಿನಲ್ಲಿ ಎಳೆಯುತ್ತಾಳೆ. ಗಂಟು ಬಿಚ್ಚಿದ ಮೇಲೆ ಬೀಗಿತ್ತಿ ಚಪ್ಪಲಿ ಹಾಕಿಕೊಳ್ಳುತ್ತಾರೆ.